ಹೂಳು ಹೇಳಿದ್ದನ್ನು ಕೇಳದ ಒಂಬತ್ತು ವರ್ಷ

ಜಪಾನಿನ ಕ್ಯೂಶೂ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಿನಮಾಟಾ ಎಂಬ ಸಣ್ಣ ಪಟ್ಟಣವಿದೆ. ಅದರ ಎದುರಿಗಿರುವ ಶಿರನುಯಿ ಸಮುದ್ರಕ್ಕೆ ಸಮುದ್ರವೆಂಬ ಹೆಸರಿದ್ದರೂ ಸುತ್ತ ದ್ವೀಪಗಳ ಸಾಲು. ಅದು ಅಲೆಯ ಅಬ್ಬರವಿಲ್ಲದ ಒಳಗಡಲು. ಈ ಒಳಗಡಲಿನ ಒಂದು ಮೂಲೆಯೇ ಮಿನಮಾಟಾ ಕೊಲ್ಲಿ. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ವೈದ್ಯ ಸಂಶೋಧಕರು ಕೊಲ್ಲಿಯ ತಳದಿಂದ ಹೂಳನ್ನು ಎತ್ತಿ, ಎಲ್ಲೆಲ್ಲಿ ಎಷ್ಟು ಪಾದರಸವಿದೆ ಎಂದು ಅಳೆದರು. ಹ್ಯಾಕ್ಕೆನ್ ಎಂಬ ಕಾಲುವೆ ಕಡಲಿಗೆ ಬಂದು ಸೇರುವ ಬಾಯಲ್ಲಿ ಎತ್ತಿದ ಹೂಳಿನಲ್ಲಿ ಹತ್ತು ಲಕ್ಷ ಪಾಲಿಗೆ 2,010 ಪಾಲು ಪಾದರಸವಿತ್ತು. ಒಂದು ಟನ್ ಕೆಸರಿನಲ್ಲಿ ಎರಡು ಕಿಲೋ ಎಂದರೆ ಅದು ಗಣಿಯಿಂದ ಅಗೆದು ತೆಗೆಯಲು ಲಾಯಕ್ಕಾದ ಅದಿರಿಗೆ ಸಮ. ಕಾರ್ಖಾನೆಯ ಕೊಳೆ ಸೋಕದ ಕರಾವಳಿಯ ಹೂಳಿನಲ್ಲಿ ಪಾದರಸ ಹತ್ತು ಲಕ್ಷಕ್ಕೆ ಒಂದು ಪಾಲನ್ನೂ ಮುಟ್ಟುವುದಿಲ್ಲ. ಕಾಲುವೆಯ ಬಾಯಿಂದ ದೂರ ಸರಿದಂತೆಲ್ಲ ಅಂಕಿ ಇಳಿಯುತ್ತ ಹೋಗಿ, ಕೊಲ್ಲಿಯಾಚೆಯ ತೆರೆದ ನೀರಿನಲ್ಲಿ ತೀರ ಸಣ್ಣದಾಗುತ್ತಿತ್ತು. ಆ ಕಾಲುವೆಯ ಇನ್ನೊಂದು ತುದಿಯಲ್ಲಿದ್ದದ್ದು ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ.

ಇಷ್ಟು ಗೊತ್ತಾದ ಮೇಲೂ ಜಪಾನ್ ಸರಕಾರ ಆ ಕಾರ್ಖಾನೆಯೇ ಕಾರಣವೆಂದು ಅಧಿಕೃತವಾಗಿ ಹೇಳಿದ್ದು 1968ರ ಸೆಪ್ಟೆಂಬರ್ 26ರಂದು. ನಡುವೆ ಒಂಬತ್ತು ವರ್ಷ ಕಳೆದಿದ್ದವು. ಈ ವಿಳಂಬಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಯೆಂದರೆ, ಆಗಿನ ವಿಜ್ಞಾನ ಇನ್ನೂ ಅಷ್ಟು ಬೆಳೆದಿರಲಿಲ್ಲ, ಪುರಾವೆ ಪೂರ್ತಿಯಾಗಿರಲಿಲ್ಲ ಎಂಬುದು. ನನಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ವಿಷ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ. ಅದು ಯಾವ ರಾಸಾಯನಿಕ ರೂಪದಲ್ಲಿ, ಯಾವ ದಾರಿಯಲ್ಲಿ ಮನುಷ್ಯರ ಮಿದುಳನ್ನು ಸೇರಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ 1959ರಲ್ಲೇ ಹೂಳಿನಲ್ಲಿತ್ತು. ಎರಡನೆಯದಕ್ಕೆ ಪೂರ್ತಿ ಉತ್ತರ ಇರಲಿಲ್ಲ. ಎರಡನೆಯ ಉತ್ತರ ಸಿಗುವ ತನಕ ಮೊದಲನೆಯದನ್ನೂ ಒಪ್ಪಲಾಗದು ಎಂದು ಪಟ್ಟು ಹಿಡಿದದ್ದೇ ಮಿನಮಾಟಾದ ದುರಂತವನ್ನು ಬೆಳೆಸಿತು.

ಮಾದರಿಗಾಗಿ ಕೈಗೆ ಸಿಗುವ ಎಷ್ಟೋ ವಸ್ತುಗಳಿರುವಾಗ ಹೂಳನ್ನೇ ಏಕೆ ನೆಚ್ಚಬೇಕು? ನೀರು ಹರಿದುಹೋಗುತ್ತದೆ. ಇಂದು ಬೆಳಿಗ್ಗೆ ಬಿಟ್ಟ ಕೊಳೆ ಸಂಜೆಯ ಇಳಿತದ ಹೊತ್ತಿಗೆ ಎಲ್ಲೋ ಹೋಗಿರುತ್ತದೆ; ಪರೀಕ್ಷೆಗೆ ಬಂದವರು ತುಂಬಿಕೊಳ್ಳುವ ಸೀಸೆಯಲ್ಲಿ ಆ ಒಂದು ಗಳಿಗೆಯ ನೀರು ಮಾತ್ರ ಇರುತ್ತದೆ. ಮೀನು ಓಡಾಡುತ್ತದೆ, ಅದು ಎಲ್ಲಿ ಮೇಯ್ದು ಬಂದಿತೆಂದು ಹೇಳುವುದು ಕಷ್ಟ. ಆದರೆ ಪಾದರಸ, ಸೀಸ, ಕ್ಯಾಡ್ಮಿಯಂನಂಥ ಲೋಹಗಳು ನೀರಿನಲ್ಲಿ ತೇಲುವ ಸಣ್ಣ ಜೇಡಿಕಣಗಳಿಗೂ ಕೊಳೆತ ಸಾವಯವ ಪದಾರ್ಥಕ್ಕೂ ಅಂಟಿಕೊಂಡು, ನೀರು ನಿಧಾನವಾದ ಕಡೆ ಅವುಗಳ ಜೊತೆಗೇ ಕೆಳಗಿಳಿಯುತ್ತವೆ. ಹೀಗೆ ಇಳಿದ ಹೂಳು ವರ್ಷದ ಮೇಲೆ ವರ್ಷ ಪದರಾಗಿ ಕೂರುತ್ತದೆ. ಹಾಗಾಗಿ ಹೂಳಿನ ಹಾಸಿನಲ್ಲಿ ಎರಡು ಬಗೆಯ ಲೆಕ್ಕ ಸಿಗುತ್ತದೆ. ಅಡ್ಡಕ್ಕೆ ನಡೆದರೆ ಎಲ್ಲಿಂದ ಎಂಬುದು, ಆಳಕ್ಕೆ ಇಳಿದರೆ ಯಾವಾಗ ಎಂಬುದು. 1959ರಲ್ಲಿ ಸಂಶೋಧಕರು ಓದಿದ್ದು ಅಡ್ಡದ ಲೆಕ್ಕವನ್ನು. ಇದಕ್ಕೆ ತಜ್ಞರು ಎತ್ತಬಹುದಾದ ಒಂದು ನ್ಯಾಯವಾದ ಆಕ್ಷೇಪವಿದೆ. ನುಣ್ಣನೆಯ ಜೇಡಿ ಲೋಹವನ್ನು ಹೆಚ್ಚು ಹಿಡಿಯುತ್ತದೆ, ಮರಳು ಕಡಿಮೆ ಹಿಡಿಯುತ್ತದೆ. ಆದ್ದರಿಂದ ಒಂದು ಜಾಗದಲ್ಲಿ ಅಂಕಿ ಹೆಚ್ಚಿದ್ದರೆ ಅದು ಕಾರ್ಖಾನೆ ಹತ್ತಿರವಿದ್ದುದರಿಂದಲೋ, ಅಲ್ಲಿನ ಕೆಸರು ನುಣ್ಣಗಿದ್ದುದರಿಂದಲೋ ಎಂದು ಕೇಳಬೇಕು. ಇಂದು ಈ ಕಾರಣಕ್ಕಾಗಿಯೇ ಲೋಹದ ಪ್ರಮಾಣವನ್ನು ಅದೇ ಮಾದರಿಯ ಅಲ್ಯೂಮಿನಿಯಂ ಪ್ರಮಾಣಕ್ಕೆ ಹೋಲಿಸಿ ನೋಡುತ್ತಾರೆ. ಆದರೆ ಕಣದ ಗಾತ್ರದಿಂದ ಬರುವ ಏರುಪೇರು ಕೆಲವು ಪಟ್ಟಿನದು. ಹ್ಯಾಕ್ಕೆನ್ ಬಾಯಿಯ ಕೆಸರಿಗೂ ಸಹಜ ಹೂಳಿಗೂ ಇದ್ದ ವ್ಯತ್ಯಾಸ ಸಾವಿರಾರು ಪಟ್ಟು. ಅದನ್ನು ಜೇಡಿಯ ತಲೆಗೆ ಕಟ್ಟಲಾಗದು.

ಈ ಹೂಳಿನ ತನಕ ಬರುವುದಕ್ಕೇ ಮೂರು ವರ್ಷ ಹಿಡಿಯಿತು ಎಂಬುದನ್ನೂ ಹೇಳಬೇಕು. 1956ರ ಮೇ 1ರಂದು ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥ ಹೊಸೊಕವಾ ಹಾಜಿಮೆ, ಕಾರಣ ತಿಳಿಯದ ನರರೋಗವೊಂದು ಮೀನುಗಾರರ ಕೇರಿಗಳಲ್ಲಿ ಕಾಣಿಸಿಕೊಂಡಿದೆ ಎಂದು ಸ್ಥಳೀಯ ಆರೋಗ್ಯ ಕಚೇರಿಗೆ ವರದಿ ಮಾಡಿದರು. ಕೈಕಾಲಿನ ಸ್ಪರ್ಶ ಹೋಗುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ದೃಷ್ಟಿ ಸುತ್ತಲಿಂದ ಕಿರಿದಾಗುತ್ತ ಬಂದು ಕೊಳವೆಯಲ್ಲಿ ನೋಡಿದಂತಾಗುವುದು ಇದರ ಲಕ್ಷಣಗಳು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ 40 ರೋಗಿಗಳು ಪತ್ತೆಯಾಗಿ, ಅವರಲ್ಲಿ 14 ಮಂದಿ ತೀರಿಕೊಂಡಿದ್ದರು. ಆ ಕೇರಿಗಳ ಬೆಕ್ಕುಗಳು ಅದಕ್ಕೂ ಮೊದಲೇ ಮೈ ಸೆಟೆದು, ಸುತ್ತಿ ಸುತ್ತಿ ಬಿದ್ದು ಸಾಯುತ್ತಿದ್ದವು. ಕೊಲ್ಲಿಯ ಮೀನು ಮತ್ತು ಚಿಪ್ಪಿನ ಮೂಲಕ ಯಾವುದೋ ಭಾರಲೋಹ ದೇಹ ಸೇರುತ್ತಿದೆ ಎಂದು ನವೆಂಬರಿನಲ್ಲೇ ವಿಶ್ವವಿದ್ಯಾಲಯದ ತಂಡ ಹೇಳಿತು. ಯಾವ ಲೋಹ ಎಂಬುದು ಮಾತ್ರ ತಿಳಿಯದು. ಕಾರ್ಖಾನೆಯ ಕೊಳೆಯಲ್ಲಿ ಲೋಹಗಳಿಗೆ ಬರವಿರಲಿಲ್ಲ. ಮ್ಯಾಂಗನೀಸ್, ಸೆಲೀನಿಯಂ, ಥ್ಯಾಲಿಯಂ ಒಂದೊಂದಾಗಿ ಅನುಮಾನಕ್ಕೆ ಬಂದು ಹೋದವು. ಪಾದರಸ ಮೊದಲಿಗೆ ಯಾರ ತಲೆಗೂ ಹೊಳೆಯಲಿಲ್ಲ, ಏಕೆಂದರೆ ಅದು ಬೆಲೆಬಾಳುವ ವಸ್ತು, ಅಂಥದ್ದನ್ನು ಯಾರಾದರೂ ಕಡಲಿಗೆ ಚೆಲ್ಲುತ್ತಾರೆಯೇ ಎಂಬ ಸಹಜ ಭಾವನೆ. ದಾರಿ ತೆರೆದದ್ದು ರೋಗಶಾಸ್ತ್ರಜ್ಞ ಟಕೆಉಚಿ ತಡಾವೊ ಅವರ ಓದು. ಇಂಗ್ಲೆಂಡಿನಲ್ಲಿ ಮೀಥೈಲ್ ಪಾದರಸವೆಂಬ ಸಾವಯವ ಪಾದರಸ ತಯಾರಿಸುತ್ತಿದ್ದ ಕಾರ್ಮಿಕರಿಗೆ ಆದ ವಿಷಬಾಧೆಯ ಬಗ್ಗೆ ಹಂಟರ್ ಮತ್ತು ರಸೆಲ್ ಬರೆದಿದ್ದ ವಿವರಗಳು, ಮಿನಮಾಟಾದಲ್ಲಿ ಸತ್ತವರ ಮಿದುಳಿನಲ್ಲಿ ತಾವು ಕಂಡ ಹಾನಿಗೆ ಸರಿಹೊಂದುತ್ತವೆ ಎಂದು ಅವರು ಗುರುತಿಸಿದರು. ಆಮೇಲೆ ಹೂಳಿನಲ್ಲಿ ಏನನ್ನು ಹುಡುಕಬೇಕೆಂಬುದು ಗೊತ್ತಾಯಿತು. ಹುಡುಕಿದ ಕೂಡಲೇ ಸಿಕ್ಕಿತು. 1959ರ ಜುಲೈ 22ರಂದು ತಂಡವು ಸಾವಯವ ಪಾದರಸವೇ ಕಾರಣವೆಂದು ಪ್ರಕಟಿಸಿತು.

ಹೂಳಿನ ಸಾಕ್ಷಿಯ ಜೊತೆಗೆ ಇನ್ನೊಂದು ಸಾಕ್ಷಿ ಆಗಲೇ ಬಂದು ನಿಂತಿತ್ತು. ಅದನ್ನು ಒದಗಿಸಿದ್ದು ಕಂಪನಿಯೇ. 1958ರ ಸೆಪ್ಟೆಂಬರಿನಲ್ಲಿ ಚಿಸ್ಸೊ ತನ್ನ ಅಸಿಟಾಲ್ಡಿಹೈಡ್ ಘಟಕದ ಕೊಳೆನೀರನ್ನು ಹ್ಯಾಕ್ಕೆನ್ ಕಾಲುವೆಯಿಂದ ತಿರುಗಿಸಿ, ಪಟ್ಟಣದ ಉತ್ತರಕ್ಕೆ ಮಿನಮಾಟಾ ನದಿಯ ಅಳಿವೆಯತ್ತ ಬಿಟ್ಟಿತು. ಕೊಲ್ಲಿಯ ಮೂಲೆಯಲ್ಲಿ ನಿಲ್ಲುತ್ತಿದ್ದ ಕೊಳೆ ಇನ್ನು ನದಿಯ ನೀರಿನೊಂದಿಗೆ ಒಳಗಡಲಿಗೇ ಹರಡತೊಡಗಿತು. ಕೆಲವೇ ತಿಂಗಳಲ್ಲಿ, 1959ರ ಮೊದಲ ಭಾಗದಲ್ಲಿ, ಆ ತನಕ ರೋಗವಿಲ್ಲದ ಅಳಿವೆಯ ಸುತ್ತ, ನಂತರ ಇನ್ನೂ ಉತ್ತರದ ತ್ಸುನಾಗಿಯಲ್ಲಿ ಹೊಸ ರೋಗಿಗಳು ಕಾಣಿಸಿಕೊಂಡರು. ಕೊಳೆ ಎತ್ತ ತಿರುಗಿತೋ ರೋಗ ಅತ್ತ ನಡೆಯಿತು. ಯಾವ ವಿಜ್ಞಾನಿಯೂ ಮನುಷ್ಯರ ಮೇಲೆ ಮಾಡಬಾರದ, ಮಾಡಲು ಒಪ್ಪದ ಪ್ರಯೋಗವೊಂದು ಆ ಕಡಲಿನಲ್ಲಿ ನಡೆದುಹೋಗಿತ್ತು, ಅದರ ಫಲಿತಾಂಶವೂ ಎಲ್ಲರ ಕಣ್ಣೆದುರಿಗಿತ್ತು. ಅಕ್ಟೋಬರಿನಲ್ಲಿ ಕೈಗಾರಿಕಾ ಸಚಿವಾಲಯವೇ ಕಂಪನಿಗೆ ಅಳಿವೆಗೆ ಕೊಳೆ ಬಿಡುವುದನ್ನು ನಿಲ್ಲಿಸುವಂತೆ ಸೂಚಿಸಿತು. ಒಂದು ಬಾಯಿ ಮುಚ್ಚಿಸಿದವರಿಗೆ ಆ ಬಾಯಿಂದ ಏನು ಬರುತ್ತಿದೆ ಎಂಬ ಅಂದಾಜು ಇರಲಿಲ್ಲವೆಂದು ನಂಬುವುದು ಕಷ್ಟ.

ಇನ್ನು ಆಕ್ಷೇಪಗಳ ವಿಚಾರ. ಆಗ ಎದ್ದ ಆಕ್ಷೇಪಗಳಲ್ಲಿ ಕೆಲವು ಹುರುಳಿಲ್ಲದವು. ಯುದ್ಧ ಮುಗಿದಾಗ ನೌಕಾಪಡೆ ಕೊಲ್ಲಿಯಲ್ಲಿ ಮುಳುಗಿಸಿದ ಸ್ಫೋಟಕಗಳೇ ಕಾರಣ ಎಂದು ಜಪಾನಿನ ರಾಸಾಯನಿಕ ಉದ್ಯಮಗಳ ಸಂಘದ ನಿರ್ದೇಶಕರು ವಾದಿಸಿದರು. 1945ರಲ್ಲಿ ಮುಳುಗಿದ ಮದ್ದುಗುಂಡು 1958ರಲ್ಲಿ ಕಾಲುವೆ ತಿರುಗಿದ ಕೂಡಲೇ ತಾನೂ ಉತ್ತರಕ್ಕೆ ತಿರುಗುವುದಿಲ್ಲ. ಟೋಕಿಯೊ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಕಿಯೊಉರಾ ರೈಸಾಕು ಪಾದರಸವನ್ನು ಬಿಟ್ಟು ಅಮೈನ್ ಎಂಬ ಪದಾರ್ಥಗಳತ್ತ ಬೆರಳು ತೋರಿದರು. ಇಂಥ ವಾದಗಳು ಸತ್ಯಕ್ಕೆ ಹತ್ತಿರವಿರಬೇಕಾಗಿರಲಿಲ್ಲ. ತಜ್ಞರಲ್ಲೇ ಒಮ್ಮತವಿಲ್ಲ ಎಂಬ ಸುದ್ದಿಯೊಂದು ಪತ್ರಿಕೆಯಲ್ಲಿ ಬಂದರೆ ಅವುಗಳ ಕೆಲಸ ಮುಗಿಯುತ್ತಿತ್ತು.

ಗಂಭೀರವಾದ ಆಕ್ಷೇಪಗಳು ಮೂರು. ಕಾರ್ಖಾನೆ ಬಳಸುತ್ತಿದ್ದದ್ದು ಅಜೈವಿಕ ಪಾದರಸ, ರೋಗ ತಂದದ್ದು ಸಾವಯವ ಪಾದರಸ. ಒಂದು ಇನ್ನೊಂದಾದದ್ದು ಹೇಗೆ ಎಂಬುದು ಮೊದಲನೆಯದು. ಅಸಿಟಿಲೀನ್ ಅನಿಲವನ್ನು ಅಸಿಟಾಲ್ಡಿಹೈಡ್ ಮಾಡಲು ಪಾದರಸದ ಸಲ್ಫೇಟನ್ನು ವೇಗವರ್ಧಕವಾಗಿ ಬಳಸುತ್ತಿದ್ದರು, ಅದು ನಿಜ. ಉತ್ತರ ಕಾರ್ಖಾನೆಯ ಒಳಗೇ ಇತ್ತು. ಆ ಕ್ರಿಯೆ ನಡೆಯುವ ಪಾತ್ರೆಯಲ್ಲೇ ಪಾದರಸದ ಒಂದು ಸಣ್ಣ ಪಾಲು ಮೀಥೈಲ್ ಪಾದರಸವಾಗಿ ಹೊರಬೀಳುತ್ತಿತ್ತು. ಕುಮಾಮೊಟೊದ ಉಚಿದಾ ಮಾಕಿಯೊ ಕೊಲ್ಲಿಯ ಚಿಪ್ಪಿನಿಂದಲೂ, ನಂತರ ಇರುಕಯಾಮಾ ಕಟ್ಸುರೊ ಆ ಘಟಕದ ಕೆಸರಿನಿಂದಲೂ ಸಾವಯವ ಪಾದರಸವನ್ನು ಬೇರ್ಪಡಿಸಿದರು. 1963ರ ಫೆಬ್ರವರಿಯಲ್ಲಿ ಅದು ಬಹಿರಂಗವಾಯಿತು. ಇಲ್ಲೊಂದು ಮಾತು ಮುಖ್ಯ. 1959ರಲ್ಲೇ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹೊಸೊಕವಾ ಅಸಿಟಾಲ್ಡಿಹೈಡ್ ಘಟಕದ ಕೊಳೆನೀರನ್ನು ಅನ್ನಕ್ಕೆ ಬೆರೆಸಿ ಬೆಕ್ಕೊಂದಕ್ಕೆ ತಿನ್ನಿಸುತ್ತಿದ್ದರು. ಪ್ರಯೋಗದ ಪುಸ್ತಕದಲ್ಲಿ ಅದರ ಸಂಖ್ಯೆ 400. ಅಕ್ಟೋಬರಿನ ಮೊದಲ ವಾರದಲ್ಲಿ ಅದರಲ್ಲಿ ರೋಗದ ಅದೇ ಲಕ್ಷಣಗಳು ಕಾಣಿಸಿದವು. ಕಂಪನಿ ಆ ಪ್ರಯೋಗವನ್ನು ಮುಂದುವರಿಸಲು ಬಿಡಲಿಲ್ಲ, ಫಲಿತಾಂಶವನ್ನೂ ಹೊರಗೆ ಹೇಳಲಿಲ್ಲ. ಹೊಸೊಕವಾ 1970ರಲ್ಲಿ, ಸಾಯುವ ಕೆಲವು ತಿಂಗಳ ಮುಂಚೆ, ಆಸ್ಪತ್ರೆಯ ಹಾಸಿಗೆಯಲ್ಲೇ ನ್ಯಾಯಾಲಯಕ್ಕೆ ಸಾಕ್ಷಿ ನುಡಿದ ಮೇಲೆಯೇ ಬೆಕ್ಕು 400ರ ಕಥೆ ನ್ಯಾಯಾಲಯದ ದಾಖಲೆಗೆ ಸೇರಿತು. ಪುರಾವೆ ಸಾಲದೆಂದು ಹೇಳುತ್ತಿದ್ದವರ ಬಳಿಯೇ ಪುರಾವೆ ಇತ್ತು.

ಎರಡನೆಯ ಆಕ್ಷೇಪ ಕಾಲದ್ದು. ಕಾರ್ಖಾನೆ ಅಸಿಟಾಲ್ಡಿಹೈಡ್ ಮಾಡತೊಡಗಿದ್ದು 1932ರಲ್ಲಿ. ರೋಗ ಗುಂಪಾಗಿ ಕಾಣಿಸಿದ್ದು 1950ರ ದಶಕದಲ್ಲಿ. ಇಷ್ಟು ವರ್ಷ ಇಲ್ಲದ್ದು ಈಗೇಕೆ? ಮೊದಲ ವರ್ಷದ ಉತ್ಪಾದನೆ 210 ಟನ್, 1951ರಲ್ಲಿ 6,000 ಟನ್, 1960ರಲ್ಲಿ 45,000 ಟನ್ ಎಂಬ ಲೆಕ್ಕದಲ್ಲೇ ಉತ್ತರದ ಅರ್ಧ ಇದೆ. ಉಳಿದರ್ಧ 1951ರಲ್ಲಿ ಆದ ಒಂದು ಬದಲಾವಣೆಯಲ್ಲಿದೆ: ವೇಗವರ್ಧಕಕ್ಕೆ ನೆರವಾಗಿ ಹಾಕುತ್ತಿದ್ದ ಮ್ಯಾಂಗನೀಸ್ ಡೈಆಕ್ಸೈಡನ್ನು ಬಿಟ್ಟು ಕಬ್ಬಿಣದ ಸಂಯುಕ್ತ ಬಳಸತೊಡಗಿದರು, ಅದರಿಂದ ಮೀಥೈಲ್ ಪಾದರಸದ ಪಾಲು ಹೆಚ್ಚಿತು. ಇದಕ್ಕೆ ಮನಸ್ಸು ಕಲಕುವಂಥ ಇನ್ನೊಂದು ಸಾಕ್ಷಿ ಮನೆಗಳ ಒಳಗೆ ಸಿಕ್ಕಿತು. ಮಗು ಹುಟ್ಟಿದಾಗ ಉದುರಿದ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ, ಪುಟ್ಟ ಮರದ ಡಬ್ಬಿಯಲ್ಲಿಟ್ಟು ಜೋಪಾನ ಮಾಡುವುದು ಜಪಾನಿನ ತಾಯಂದಿರ ಹಳೆಯ ಪದ್ಧತಿ. ಸಂಶೋಧಕ ನಿಶಿಗಾಕಿ ಮತ್ತು ವೈದ್ಯ ಹರಾದಾ ಮಸಾಝುಮಿ ಇಂಥ ಡಬ್ಬಿಗಳನ್ನು ಕೇಳಿ ಪಡೆದು, ಬೆರಳುದ್ದವೂ ಇಲ್ಲದ ಆ ಒಣಗಿದ ಚೂರುಗಳಲ್ಲಿ ಮೀಥೈಲ್ ಪಾದರಸವನ್ನು ಅಳೆದು 1975ರಲ್ಲಿ ಪ್ರಕಟಿಸಿದರು. ಮಗು ಹುಟ್ಟಿದ ವರ್ಷದ ಪ್ರಕಾರ ಜೋಡಿಸಿ ನೋಡಿದರೆ, ಕಾರ್ಖಾನೆಯ ಅಸಿಟಾಲ್ಡಿಹೈಡ್ ಉತ್ಪಾದನೆ ಏರಿದಂತೆ ಪಾದರಸ ಏರಿತ್ತು, ಇಳಿದಂತೆ ಇಳಿದಿತ್ತು. ಕಡಲ ತಳದಲ್ಲಿ ಪದರು ಪದರಾಗಿ ಕೂತ ಹೂಳಿನಂತೆಯೇ, ಊರಿನ ಕಪಾಟುಗಳಲ್ಲಿ ವರ್ಷವಾರು ಲೆಕ್ಕ ಕೂತಿತ್ತು.

ಮೂರನೆಯದು, ಜಪಾನಿನಲ್ಲಿ ಇದೇ ವಿಧಾನದ ಬೇರೆ ಕಾರ್ಖಾನೆಗಳೂ ಇದ್ದವಲ್ಲ, ಅಲ್ಲೆಲ್ಲ ರೋಗ ಏಕಿಲ್ಲ ಎಂಬುದು. ಮೇಲುನೋಟಕ್ಕೆ ಇದು ಬಲವಾದ ವಾದ. ಮಿನಮಾಟಾದ ಉತ್ಪಾದನೆ ದೊಡ್ಡದು, ಕೊಲ್ಲಿ ಮುಚ್ಚಿದ್ದು, ಜನ ಮೂರು ಹೊತ್ತೂ ಮೀನು ತಿನ್ನುವವರು ಎಂದು ಹೇಳಬಹುದಿತ್ತು. ಆದರೆ ನಿಜವಾದ ಉತ್ತರ ಬಂದದ್ದು 1965ರಲ್ಲಿ, ಯಾರೂ ಬಯಸದ ರೀತಿಯಲ್ಲಿ. ಹೊನ್ಶೂ ದ್ವೀಪದ ನಿಈಗಾತಾದಲ್ಲಿ ಅಗಾನೊ ನದಿಯ ಕೆಳಪಾತ್ರದ ಮೀನುಗಾರರಿಗೆ ಅದೇ ರೋಗ ಬಂತು. ಮೇಲ್ಪಾತ್ರದಲ್ಲಿ, ಸುಮಾರು 60 ಕಿಲೋಮೀಟರ್ ದೂರದ ಕನೊಸೆ ಎಂಬಲ್ಲಿ, ಶೋವಾ ಡೆಂಕೊ ಕಂಪನಿಯ ಅಸಿಟಾಲ್ಡಿಹೈಡ್ ಕಾರ್ಖಾನೆಯಿತ್ತು. ಚಿಸ್ಸೊದ ಕೊಳೆಯ ಗುಟ್ಟು 1959ರಲ್ಲೇ ಒಪ್ಪಿತವಾಗಿದ್ದರೆ ಕನೊಸೆಯ ಕೊಳೆಯನ್ನು ಅಂದೇ ತಡೆಯಬಹುದಿತ್ತು. ಬೇರೆಡೆ ರೋಗವಿಲ್ಲ ಎಂಬುದನ್ನು ಪುರಾವೆಯಾಗಿ ಕೊಟ್ಟವರು, ಬೇರೆಡೆ ಯಾರೂ ಹುಡುಕಿರಲಿಲ್ಲ ಎಂಬುದನ್ನು ಮರೆತಿದ್ದರು.

ಹಿಂದೆ ನಡೆದದ್ದನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ಸುಲಭ, ಆಗಿನವರಿಗೆ ಅನ್ಯಾಯ ಮಾಡಬಾರದು ಎಂದು ಯಾರಾದರೂ ಹೇಳಿದರೆ, ಆ ಎಚ್ಚರಿಕೆಯನ್ನು ಗೌರವಿಸಿಯೇ ಒಂದು ಹಳೆಯ ಉದಾಹರಣೆ ಕೊಡಬೇಕಾಗುತ್ತದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವುಗಳು ಎಲ್ಲೆಲ್ಲಿ ಆಗಿವೆ ಎಂದು ಗುರುತಿಸುತ್ತ ಒಂದು ನೀರಿನ ಪಂಪಿನ ಬಳಿಗೆ ಬಂದು ನಿಂತರು. ಸ್ಥಳೀಯ ಆಡಳಿತ ಪಂಪಿನ ಹಿಡಿ ಕಳಚಿತು. ಕಾಲರಾದ ರೋಗಾಣುವನ್ನು ವಿಜ್ಞಾನಿ ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು ಸುಮಾರು 30 ವರ್ಷ ಕಳೆದ ಮೇಲೆ. ರೋಗಾಣು ಸಿಗುವ ತನಕ ಪಂಪನ್ನು ಮುಟ್ಟಬಾರದು ಎನ್ನದಿದ್ದುದು ಆ ಕಾಲದವರ ವಿವೇಕ. ಮಿನಮಾಟಾದಲ್ಲಿ ಆದದ್ದು ಇದರ ತದ್ವಿರುದ್ಧ. 1957ರಲ್ಲಿ ಸ್ಥಳೀಯ ಆರೋಗ್ಯ ಕೇಂದ್ರದ ಇಟೊ ಹಸುವೊ ಕೊಲ್ಲಿಯ ಮೀನನ್ನು ಬೆಕ್ಕುಗಳಿಗೆ ತಿನ್ನಿಸಿ, ಅವುಗಳಿಗೆ ರೋಗ ಬರುವುದನ್ನು ತೋರಿಸಿದ್ದರು. ಕುಮಾಮೊಟೊ ಪ್ರಾಂತ್ಯದ ಆಡಳಿತ ಆಹಾರ ನೈರ್ಮಲ್ಯ ಕಾಯ್ದೆಯ ಅಡಿ ಆ ಮೀನನ್ನು ನಿಷೇಧಿಸಲು ಹೊರಟಾಗ, ಕೊಲ್ಲಿಯ ಎಲ್ಲ ಮೀನೂ ವಿಷವಾಗಿದೆ ಎಂಬುದಕ್ಕೆ ಸ್ಪಷ್ಟ ಆಧಾರವಿಲ್ಲ, ಆದ್ದರಿಂದ ಕಾಯ್ದೆ ಅನ್ವಯಿಸದು ಎಂದು ಕೇಂದ್ರದ ಆರೋಗ್ಯ ಸಚಿವಾಲಯ ಸೆಪ್ಟೆಂಬರಿನಲ್ಲಿ ಉತ್ತರಿಸಿತು. 1959ರ ನವೆಂಬರಿನಲ್ಲಿ ಅದೇ ಸಚಿವಾಲಯದ ಸಲಹಾ ಮಂಡಳಿ ಸಾವಯವ ಪಾದರಸವೇ ಕಾರಣವೆಂದು ವರದಿ ಕೊಟ್ಟ ಬೆನ್ನಿಗೇ ಅದರ ಮಿನಮಾಟಾ ಉಪಸಮಿತಿಯನ್ನು ವಿಸರ್ಜಿಸಲಾಯಿತು. ಡಿಸೆಂಬರ್ 30ರಂದು ರೋಗಿಗಳ ಕುಟುಂಬಗಳು ಸಹಾನುಭೂತಿಯ ಹಣವೆಂಬ ಹೆಸರಿನಲ್ಲಿ ಒಂದಿಷ್ಟು ಪಡೆದು ಒಪ್ಪಂದಕ್ಕೆ ಮುದ್ರೆ ಒತ್ತಿದವು. ಮುಂದೆ ಕಾರ್ಖಾನೆಯ ಕೊಳೆಯೇ ಕಾರಣವೆಂದು ಗೊತ್ತಾದರೂ ಹೆಚ್ಚಿನ ಪರಿಹಾರ ಕೇಳುವಂತಿಲ್ಲ ಎಂಬ ಷರತ್ತು ಅದರಲ್ಲಿತ್ತು. ಮೂಲ ಯಾವುದೆಂದು ನಿಜಕ್ಕೂ ತಿಳಿಯದವರು ಅಂಥ ಷರತ್ತನ್ನು ಬರೆಯಿಸುವುದಿಲ್ಲ. ಪಾದರಸದ ಆ ವಿಧಾನ ಮಿನಮಾಟಾದಲ್ಲಿ ನಿಂತದ್ದು 1968ರ ಮೇ ತಿಂಗಳಲ್ಲಿ, ಸರಕಾರ ಕಾರಣವನ್ನು ಒಪ್ಪುವುದಕ್ಕೆ ನಾಲ್ಕು ತಿಂಗಳ ಮುಂಚೆ. ಅಷ್ಟು ಹೊತ್ತಿಗೆ ಕಡಲಿಗೆ ಸೇರಿದ ಪಾದರಸ 70ರಿಂದ 150 ಟನ್ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಮಿನಮಾಟಾ ರೋಗಿಗಳೆಂದು ಆ ಒಳಗಡಲಿನ ಸುತ್ತ ಅಧಿಕೃತವಾಗಿ ಗುರುತಿಸಲ್ಪಟ್ಟವರೇ 2,200ಕ್ಕೂ ಹೆಚ್ಚು.

ಮೂಲ ಮತ್ತು ಮಾರ್ಗ ಬೇರೆ ಬೇರೆ ಪ್ರಶ್ನೆಗಳೆಂಬ ಮಾತಿಗೆ ಕಾನೂನಿನ ಬೆಂಬಲ ಸಿಕ್ಕಿದ್ದು ನಿಈಗಾತಾದಲ್ಲಿ. ಅಲ್ಲಿ ಶೋವಾ ಡೆಂಕೊ ಕಂಪನಿ ತನ್ನ ಪರವಾಗಿ ಬೇರೆ ಕಥೆ ಮುಂದಿಟ್ಟಿತು: 1964ರ ಜೂನಿನ ಭೂಕಂಪದಲ್ಲಿ ನದಿಯ ಬಾಯಿಯ ಗೋದಾಮುಗಳಿಂದ ಕೀಟನಾಶಕ ನೀರಿಗೆ ಬಿದ್ದು, ಉಪ್ಪುನೀರಿನ ಜೊತೆ ಮೇಲಕ್ಕೆ ಬಂತು ಎಂದು. ಕಾರ್ಖಾನೆ ಅಷ್ಟರಲ್ಲಿ ಮುಚ್ಚಿತ್ತು, ಯಂತ್ರಗಳನ್ನು ಬಿಚ್ಚಿಯಾಗಿತ್ತು. ಆದರೂ ಅದರ ಕೊಳೆನೀರಿನ ಬಾಯಲ್ಲಿ ಬೆಳೆದಿದ್ದ ಪಾಚಿಯಲ್ಲಿ ಮೀಥೈಲ್ ಪಾದರಸ ಸಿಕ್ಕಿತು. 1971ರ ಸೆಪ್ಟೆಂಬರ್ 29ರಂದು ನಿಈಗಾತಾ ಜಿಲ್ಲಾ ನ್ಯಾಯಾಲಯ ರೋಗಿಗಳ ಪರವಾಗಿ ತೀರ್ಪು ಕೊಡುತ್ತ ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು. ನೊಂದವರು ವಿಷದ ಜಾಡು ಹಿಡಿದು ಕಾರ್ಖಾನೆಯ ಬಾಗಿಲ ತನಕ ಬಂದು ನಿಂತರೆ ಸಾಕು. ಬಾಗಿಲ ಒಳಗೆ ಏನೂ ನಡೆದಿಲ್ಲವೆಂದು ತೋರಿಸುವ ಹೊಣೆ ಕಾರ್ಖಾನೆಯದು. ಒಳಗಿನ ಪಾತ್ರೆ, ಕೊಳವೆ, ಲೆಕ್ಕಪುಸ್ತಕ ಯಾರ ವಶದಲ್ಲಿವೆಯೋ ಅವರೇ ಒಳಗಿನ ಕಥೆಗೆ ಉತ್ತರಿಸಬೇಕು ಎಂಬುದು ಸರಳ ನ್ಯಾಯ. ಹ್ಯಾಕ್ಕೆನ್ ಬಾಯಿಯ ಹೂಳು 1959ರಲ್ಲಿ ಮಾಡಿದ್ದು ಇದನ್ನೇ: ಜಾಡನ್ನು ಬಾಗಿಲ ತನಕ ತಂದು ನಿಲ್ಲಿಸಿದ್ದು. 1973ರ ಮಾರ್ಚ್ 20ರಂದು ಕುಮಾಮೊಟೊ ನ್ಯಾಯಾಲಯ ಚಿಸ್ಸೊವನ್ನು ಹೊಣೆ ಮಾಡಿತು, ಆ ಹಳೆಯ ಒಪ್ಪಂದವನ್ನೂ ಅಸಿಂಧುವೆಂದು ಸಾರಿತು.

ಜಾಡು ಹಿಡಿಯುವ ಸಾಧನಗಳು ಅಲ್ಲಿಂದೀಚೆಗೆ ಬಹಳ ಚುರುಕಾಗಿವೆ. ದೋಣಿಯಿಂದ ಉದ್ದನೆಯ ಕೊಳವೆಯೊಂದನ್ನು ತಳದ ಕೆಸರಿಗೆ ನೆಟ್ಟು, ಪದರು ಕದಡದಂತೆ ಮೇಲೆತ್ತಿ, ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾರೆ. ಸುಮಾರು 22 ವರ್ಷಕ್ಕೆ ಅರ್ಧವಾಗುವ ಸೀಸ-210 ಎಷ್ಟು ಉಳಿದಿದೆ ಎಂದು ಅಳೆದು ಪ್ರತಿ ಬಿಲ್ಲೆಯ ವಯಸ್ಸು ಲೆಕ್ಕ ಹಾಕುತ್ತಾರೆ. ಅಣುಬಾಂಬ್ ಪರೀಕ್ಷೆಗಳ ಸೀಸಿಯಂ-137 ತುತ್ತತುದಿ ಮುಟ್ಟಿದ 1963ರ ಸುಮಾರಿನ ಪದರು ಆ ಲೆಕ್ಕಕ್ಕೆ ಮೈಲಿಗಲ್ಲು. ಪಾದರಸಕ್ಕೆ ಸ್ಥಿರವಾದ ಏಳು ಐಸೊಟೋಪ್‌ಗಳಿದ್ದು, ಅವುಗಳ ಅನುಪಾತದಿಂದ ಕಾರ್ಖಾನೆಯ ಪಾದರಸವನ್ನು ಸಹಜ ಪಾದರಸದಿಂದ ಬೇರ್ಪಡಿಸಿ ಗುರುತಿಸುವುದೂ ಈಗ ಸಾಧ್ಯ. ನಮ್ಮ ಕರಾವಳಿಗೂ ಈ ವಿಚಾರ ದೂರದ್ದಲ್ಲ. ಕಾಸ್ಟಿಕ್ ಸೋಡಾ ಮಾಡುವ ಹಳೆಯ ವಿಧಾನದಲ್ಲಿ ಪಾದರಸ ಬೇಕಾಗುತ್ತಿತ್ತು. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತ ಪಾದರಸ ಎಷ್ಟಿದೆ ಎಂಬ ಅಧ್ಯಯನ 1990ರಲ್ಲೇ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳು ಬರುವುದನ್ನು ಕಾಯದೆ ಮೊದಲೇ ಕಡಲನ್ನು ಕೇಳುವ ಈ ಕ್ರಮ ಮಿನಮಾಟಾದ ನಂತರ ಬಂದದ್ದು. ಆದರೆ ಚುರುಕಾದ ಸಾಧನಗಳನ್ನು ಕಂಡಾಗಲೆಲ್ಲ ನನಗನ್ನಿಸುವುದು, 1959ರಲ್ಲಿ ಕೊರತೆಯಿದ್ದದ್ದು ಇವುಗಳದ್ದಲ್ಲ ಎಂದು. ಹೂಳಿನ ಮೇಲೆ ಅಡ್ಡಲಾಗಿ ನಡೆದು ಅಂಕಿ ಬರೆದುಕೊಂಡದ್ದೇ ಆ ಕೆಲಸಕ್ಕೆ ಸಾಕಾಗಿತ್ತು.

ಆ ಹೂಳು ಈಗೆಲ್ಲಿದೆ? ಹತ್ತು ಲಕ್ಷಕ್ಕೆ 25 ಪಾಲಿಗಿಂತ ಹೆಚ್ಚು ಪಾದರಸವಿದ್ದ ಕೆಸರನ್ನು ತೆಗೆಯುವುದೆಂದು ತೀರ್ಮಾನಿಸಿ, 1977ರಿಂದ 1990ರ ತನಕ ಸುಮಾರು 15 ಲಕ್ಷ ಘನ ಮೀಟರ್ ಹೂಳನ್ನು ವಿಲೇವಾರಿ ಮಾಡಿದರು. ಕೊಲ್ಲಿಯ ಒಳಭಾಗಕ್ಕೆ ಉಕ್ಕಿನ ಹಾಳೆಗಳ ಗೋಡೆ ಕಟ್ಟಿ, ಹೀರಿ ಎತ್ತಿದ ಕೆಸರನ್ನು ಅಲ್ಲೇ ತುಂಬಿ, ಮೇಲೆ ಒಳ್ಳೆಯ ಮಣ್ಣು ಹರಡಿದರು. ಹಿಡಿದ ವಿಷದ ಮೀನನ್ನು ಡ್ರಮ್ಮುಗಳಲ್ಲಿ ತುಂಬಿ ಅದರೊಳಗೇ ಹೂತರು. ಖರ್ಚು 48.5 ಬಿಲಿಯನ್ ಯೆನ್. ಮೀನು ಹೊರಗೆ ಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆಯನ್ನು ತೆಗೆದದ್ದು 1997ರಲ್ಲಿ. ಹೀಗೆ ಹುಟ್ಟಿದ 58 ಹೆಕ್ಟೇರ್ ನೆಲದ ಮೇಲೆ ಇಂದು ಉದ್ಯಾನವಿದೆ. ಅದರ ಅಂಚಿನಲ್ಲಿ ರೋಗಿಗಳೂ ಅವರ ಮನೆಯವರೂ ತಮ್ಮ ಕೈಯಾರೆ ಕೆತ್ತಿದ ಸಣ್ಣ ಸಣ್ಣ ಕಲ್ಲಿನ ಮೂರ್ತಿಗಳು ಕಡಲಿಗೆ ಮುಖ ಮಾಡಿ ನಿಂತಿವೆ. 25 ಪಾಲಿಗಿಂತ ಕಡಿಮೆಯಿದ್ದ ಹೂಳನ್ನು ಯಾರೂ ಎತ್ತಲಿಲ್ಲ. ಅದು ಆ ಮೂರ್ತಿಗಳ ಎದುರಿನ ನೀರಿನ ತಳದಲ್ಲಿ, ಬಿದ್ದಲ್ಲೇ ಇದೆ.